ಎದೆಯುರಿ, ಹುಳಿತೇಗು, ಹಯಾಟಸ್ ಹರ್ನಿಯಾ: ಯಾವುದನ್ನು ಮೊದಲು ನೋಡಬೇಕು, ಆಸ್ಪತ್ರೆಗೆ ಯಾವಾಗ ಹೊರಡಬೇಕು

ಎದೆ ಉರಿಯುತ್ತದೆ. ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಸಿಗುತ್ತದೆ. ನಾಲ್ಕು ದಿನ ಹಾಯೆನಿಸಿ ಮತ್ತೆ ಉರಿ ಶುರು. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್, ಅದರಲ್ಲಿ ಎಲ್ಲ ಸರಿಯಿದೆ ಎಂಬ ವರದಿ. ವರ್ಷ ಕಳೆದ ಮೇಲೆ ಎಂಡೋಸ್ಕೋಪಿಯಲ್ಲಿ ‘ಹಯಾಟಸ್ ಹರ್ನಿಯಾ’ ಎಂದು ಬಂದ ಕೂಡಲೇ ಮನೆಮಂದಿಗೆಲ್ಲ ಆಪರೇಷನ್ ಗಾಬರಿ. ಓದುಗರು ಬರೆದು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದು ಬಂದಂಥವು. ತಪ್ಪುತ್ತಿರುವುದು ಕ್ರಮ. ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡುತ್ತೇವೆ, ಯೋಚಿಸಿ ನುಂಗಬೇಕಾದ ಮಾತ್ರೆಯನ್ನು ಮೊದಲೇ ನುಂಗಿಬಿಡುತ್ತೇವೆ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಓದಿ. ಮೊದಲ ಎರಡನ್ನು ಹಾರಿಸಿ ಮೂರಕ್ಕೆ ಹೋಗಬೇಡಿ. ವೈದ್ಯರ ಜಾಗವನ್ನು ಈ ಬರಹ ತುಂಬಲಾರದು. ಸರಿಯಾದ ಹೊತ್ತಿಗೆ, ಸರಿಯಾದ ಮಾಹಿತಿ ಹಿಡಿದುಕೊಂಡು ಅವರ ಮುಂದೆ ಕೂರಲು ನೆರವಾದರೆ ಸಾಕು.

ಒಳಗೆ ಆಗಿರುವುದೇನು

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅನ್ನನಾಳವು ಅದರಲ್ಲಿರುವ ಕಿಂಡಿಯ ಮೂಲಕ ಇಳಿದು ಜಠರವನ್ನು ಸೇರುತ್ತದೆ. ವಯಸ್ಸು, ಬೊಜ್ಜು, ಹೊಟ್ಟೆಯೊಳಗೆ ಮತ್ತೆ ಮತ್ತೆ ಬೀಳುವ ಒತ್ತಡ, ಇವುಗಳಿಂದ ಆ ಕಿಂಡಿ ಸಡಿಲವಾಗಿ ಜಠರದ ಮೇಲ್ಭಾಗ ಎದೆಯ ಕಡೆ ಸರಿಯುವುದೇ ಹಯಾಟಸ್ ಹರ್ನಿಯಾ. ತೊಡೆಸಂದಿನ ಹರ್ನಿಯಾದಂತೆ ಹೊರಗೆ ಉಬ್ಬು ಕಾಣದು, ಮುಟ್ಟಿದರೆ ಕೈಗೂ ಸಿಗದು.

ಮುಖ್ಯವಾಗಿ ಎರಡು ಬಗೆ. ಅನ್ನನಾಳ ಮತ್ತು ಜಠರ ಕೂಡುವ ಜಾಗವೇ ಮೇಲಕ್ಕೆ ಜಾರುವುದು ಒಂದು. 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಇರುವುದು ಇದೇ. ಇವರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ, ಇದ್ದರೆ ಅದು ಆಮ್ಲ ಮೇಲೆ ಬರುವುದರಿಂದ ಆಗುವ ಉರಿ. ಇನ್ನೊಂದು ಬಗೆಯಲ್ಲಿ ಕೂಡುವ ಜಾಗ ಅಲ್ಲೇ ಇದ್ದು, ಜಠರದ ಒಂದು ಭಾಗ ಅನ್ನನಾಳದ ಪಕ್ಕದಿಂದ ಮೇಲೆ ನುಗ್ಗುತ್ತದೆ. ಇದು ಅಪರೂಪ, ಆದರೆ ಜಠರ ತಿರುಚಿಕೊಳ್ಳುವ ಅಪಾಯ ಇರುವುದು ಇದರಲ್ಲೇ. ಯಾವ ಬಗೆ ಎಂದು ಹೊರಗಿನ ಲಕ್ಷಣದಿಂದ ಹೇಳಲಾಗದು.

ಹಂತ 1: ಮಾತ್ರೆಗೆ ಕೈ ಹಾಕುವ ಮೊದಲು ಹೃದಯದ ವಿಷಯ ತೀರ್ಮಾನವಾಗಲಿ

ಅನ್ನನಾಳ ಮತ್ತು ಹೃದಯ ಅಕ್ಕಪಕ್ಕದಲ್ಲಿವೆ, ಅವುಗಳ ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳ ದಾರಿಯೂ ಬೆರೆತುಕೊಂಡಿದೆ. ಹೀಗಾಗಿ ಎಲ್ಲಿ ಉರಿಯುತ್ತಿದೆ ಎಂಬುದೊಂದನ್ನೇ ಕೇಳಿ ಅನುಭವಿ ವೈದ್ಯರೂ ತೀರ್ಪು ಕೊಡುವುದಿಲ್ಲ.

ಎದೆ ಹಿಂಡಿದಂತೆ ಅಥವಾ ಭಾರ ಹೇರಿದಂತೆ ಆಗುವುದು, ನೋವು ತೋಳಿಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಉಸಿರು ಸಾಲದಿರುವುದು, ಕಣ್ಣು ಕತ್ತಲಿಡುವುದು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವು ಜೋರಾಗಿ ಇರದೆ ಬರಿಯ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಇರಬಹುದು. ಅಮ್ಮ ‘ಏನಿಲ್ಲ, ಸ್ವಲ್ಪ ವಾಯು’ ಎನ್ನುತ್ತ ಬೆವರುತ್ತಿದ್ದರೆ ಆ ಮಾತನ್ನು ಒಪ್ಪಿ ಕೂರಬೇಡಿ.

ಇಲ್ಲಿ ಜನ ಎಡವುವುದು ಮೂರು ಕಡೆ. ತೇಗು ಬಂದು ಹಗುರಾಯಿತು, ಆದ್ದರಿಂದ ಇದು ಗ್ಯಾಸ್ ಎಂಬ ಲೆಕ್ಕ ಮೊದಲನೆಯದು. ಜೆಲುಸಿಲ್ ಕುಡಿದು ನೋವು ಇಳಿದರೂ ಹೃದಯ ಸರಿಯಿದೆ ಎಂದಾಗುವುದಿಲ್ಲ, ಹೃದಯದ ನೋವು ತಾನಾಗಿಯೇ ಇಳಿದು ಮತ್ತೆ ಏರಬಹುದು. ಎರಡನೆಯದು, ತಾನೇ ಸ್ಕೂಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವುದು. ಮೂರನೆಯದು ದೊಡ್ಡ ಆಸ್ಪತ್ರೆಯೇ ಬೇಕೆಂಬ ಹಠ. ಜಯದೇವ ಹೃದ್ರೋಗ ಸಂಸ್ಥೆಯ ಮೇಲೆ ನಂಬಿಕೆ ಇರುವುದು ಒಳ್ಳೆಯದೇ, ಆದರೆ ಯಲಹಂಕದಲ್ಲಿ ನೋವು ಶುರುವಾದರೆ ಬನ್ನೇರುಘಟ್ಟ ರಸ್ತೆಯವರೆಗೆ ಟ್ರಾಫಿಕ್ಕಿನಲ್ಲಿ ಕೂರಬೇಡಿ. ಇಸಿಜಿ ಮತ್ತು ತುರ್ತು ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಮುಂದೆ ಎಲ್ಲಿಗೆ ಕಳಿಸಬೇಕೆಂದು ಅವರು ನೋಡುತ್ತಾರೆ.

ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಎದ್ದು ಮನೆಗೆ ಬರಬೇಡಿ. ಮೊದಲ ಇಸಿಜಿಯಲ್ಲಿ ಏನೂ ಕಾಣದೆ ಆಮೇಲಿನದರಲ್ಲಿ ಕಾಣುವುದುಂಟು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಮಾಡಬೇಕಾಗಬಹುದು. ಇರಿ ಎಂದರೆ ಇರಿ.

ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ, ಬಸ್ಸಿಗೆ ಓಡುವಾಗ ಎದೆ ಹಿಡಿದು, ನಿಂತರೆ ಬಿಡುವುದಾದರೆ ಅದು ಹೃದಯದ್ದೇ ಎಂದು ತಿಳಿದು ತಡಮಾಡದೆ ಹೃದ್ರೋಗ ತಜ್ಞರನ್ನು ಕಾಣಿ. ಕೂತಿದ್ದಾಗಲೂ ಬರತೊಡಗಿದರೆ ಅದು 108ರ ವಿಷಯ. ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ ಬರುವ ಉರಿ ಆಮ್ಲದ ಕಡೆ ಬೊಟ್ಟು ಮಾಡುತ್ತದೆ. ಆದರೂ ಅದು ಮೊದಲ ಬಾರಿಗೆ ಬಂದಿದ್ದು, ವಯಸ್ಸು 40 ದಾಟಿದ್ದು, ಬಿಪಿ, ಸಕ್ಕರೆ, ಸಿಗರೇಟು ಜೊತೆಗಿದ್ದರೆ ಒಮ್ಮೆ ಹೃದಯ ನೋಡಿಸಿಯೇ ಮುಂದಿನ ಮಾತು.

ಹಂತ 2: ಹೊಟ್ಟೆಯ ಕಡೆಯಿಂದ ಬರುವ ತುರ್ತು

ಮೇಲ್ಹೊಟ್ಟೆಯಲ್ಲೋ ಎದೆಯಲ್ಲೋ ಇದ್ದಕ್ಕಿದ್ದಂತೆ ತಡೆಯಲಾಗದ ನೋವು. ಜೊತೆಗೆ ಓಕರಿಕೆ ಮೇಲೆ ಓಕರಿಕೆ, ಆದರೆ ಹೊರಗೆ ಏನೂ ಬರುವುದಿಲ್ಲ. ಇದು ಜಠರ ತಿರುಚಿಕೊಂಡಿರುವುದರ ಗುರುತಾಗಿರಬಹುದು. ರಕ್ತ ಓಡಾಟ ನಿಂತರೆ ಜಠರದ ಆ ಭಾಗ ಸಾಯುತ್ತದೆ. ಬೆಳಗಾಗಲಿ ನೋಡೋಣ ಎನ್ನುವ ಹಾಗಿಲ್ಲ. ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೇ ಹೋಗಬೇಕು.

ರಕ್ತವಾಂತಿ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂಥ ಕಪ್ಪು ವಾಂತಿ, ಅಂಟಂಟಾಗಿ ಕೆಟ್ಟ ವಾಸನೆಯ ಕಪ್ಪು ಮಲ, ಇವು ಒಳಗಿನ ರಕ್ತಸ್ರಾವ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅಷ್ಟು ಅಂಟೂ ಇರುವುದಿಲ್ಲ, ಆ ವಾಸನೆಯೂ ಇರುವುದಿಲ್ಲ. ಅನುಮಾನ ಬಂದರೆ ರಕ್ತಸ್ರಾವವೆಂದೇ ಎಣಿಸಿ. ತಲೆ ಸುತ್ತು ಜೊತೆಗಿದ್ದರೆ ಆಂಬುಲೆನ್ಸೇ ಬೇಕು.

ತಿಂದದ್ದು ಸಿಕ್ಕಿಹಾಕಿಕೊಂಡು ಉಗುಳನ್ನೂ ನುಂಗಲಾಗದಿದ್ದರೆ ಅದೂ ಅದೇ ದಿನದ ಕೆಲಸ. ಬಾಳೆಹಣ್ಣು ತಿನ್ನಿಸಿ, ಅನ್ನದ ಉಂಡೆ ನುಂಗಿಸಿ ಕೆಳಗೆ ತಳ್ಳುವ ಪ್ರಯತ್ನ ಬೇಡ. ಎಂಡೋಸ್ಕೋಪಿಯಲ್ಲೇ ಅದನ್ನು ತೆಗೆಯುತ್ತಾರೆ.

ಈ ಮೂರರಲ್ಲಿ ಯಾವುದೇ ಆಗಲಿ, ದಾರಿಯಲ್ಲಿ ನೀರು, ಸೋಡಾ, ಓಮದ ಕಷಾಯ ಏನನ್ನೂ ಕೊಡಬೇಡಿ. ಹೊಕ್ಕುಳು ಸರಿದಿದೆ ಎಂದು ಹೊಟ್ಟೆ ನೀವಿಸುವುದು, ನೀರು ಕುಡಿದು ಹಿಮ್ಮಡಿಯ ಮೇಲೆ ಕುಪ್ಪಳಿಸಿ ‘ಜಠರವನ್ನು ಕೆಳಗಿಳಿಸುವ’ ವಿಡಿಯೋ ಪ್ರಯೋಗಗಳು ಎಂದಿಗೂ ಬೇಡ. ಹರ್ನಿಯಾ ಇದೆಯೆಂದು ಮೊದಲೇ ಗೊತ್ತಿದ್ದರೆ, ಒಳಹೋದ ಕೂಡಲೇ ಹೇಳುವ ಮೊದಲ ವಾಕ್ಯ ಅದೇ ಆಗಿರಲಿ, ಹಳೆಯ ವರದಿಯ ಫೋಟೋ ಮೊಬೈಲಿನಲ್ಲಿರಲಿ.

ಹಂತ 3: ತುರ್ತಲ್ಲ, ಆದರೆ ಮುಂದೂಡುವಂತಿಲ್ಲ

ಕೆಲವು ಲಕ್ಷಣಗಳಿಗೆ ಆಂಬುಲೆನ್ಸ್ ಬೇಡ, ಆದರೆ ಮೆಡಿಕಲ್ ಸ್ಟೋರಿನ ಮಾತ್ರೆಯೂ ಸಲ್ಲ. ನುಂಗಲು ತೊಡಕು ಅಥವಾ ನೋವು, ಪ್ರಯತ್ನ ಪಡದೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ರಕ್ತಹೀನತೆ, 60ರ ನಂತರ ಹೊಸದಾಗಿ ಶುರುವಾದ ಉರಿ ಅಥವಾ ಅಜೀರ್ಣ, ಮನೆಯವರಲ್ಲಿ ಅನ್ನನಾಳದ ಅಥವಾ ಜಠರದ ಕ್ಯಾನ್ಸರ್ ಇದ್ದ ಚರಿತ್ರೆ. ಇವುಗಳಲ್ಲಿ ಒಂದಿದ್ದರೂ ಕೆಲವೇ ದಿನಗಳಲ್ಲಿ ಗ್ಯಾಸ್ಟ್ರೋ ತಜ್ಞರನ್ನು ಕಂಡು ಎಂಡೋಸ್ಕೋಪಿಯ ಬಗ್ಗೆ ಕೇಳಿ. ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಾಯುವುದರ ಅಪಾಯ ಏನೆಂದರೆ, ಉರಿ ಅಡಗುತ್ತದೆ, ಒಳಗಿನ ಹುಣ್ಣೋ ಗಡ್ಡೆಯೋ ಬೆಳೆಯುತ್ತಲೇ ಇರುತ್ತದೆ.

ನುಂಗುವ ತೊಡಕಿನ ಬಗ್ಗೆ ವೈದ್ಯರು ಕೇಳುವ ಮುಖ್ಯ ಪ್ರಶ್ನೆಗೆ ಉತ್ತರ ಮನೆಯಲ್ಲೇ ಸಿದ್ಧವಾಗಿರಲಿ: ಸಿಕ್ಕಿಕೊಳ್ಳುವುದು ಯಾವುದು? ಚಪಾತಿ, ಗಟ್ಟಿ ಅನ್ನ, ಮುದ್ದೆ ಮಾತ್ರ ಸಿಕ್ಕಿ ಸಾರು, ಮಜ್ಜಿಗೆ ಸಲೀಸಾಗಿ ಇಳಿದರೆ ನಾಳ ಎಲ್ಲೋ ಕಿರಿದಾಗಿರಬಹುದು. ನೀರೂ ಮೊದಲ ದಿನದಿಂದಲೇ ತೊಡಕಾದರೆ ನಾಳದ ಚಲನೆಯದೇ ತೊಂದರೆ ಇರಬಹುದು. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮಲ್ಲಿ ಈ ಸೂಚನೆ ಬೇಗನೆ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಹಿರಿಯರು ಮುದ್ದೆ ಬಿಟ್ಟು ಗಂಜಿಗೆ ಇಳಿದಿರುತ್ತಾರೆ, ವಯಸ್ಸಾಯಿತು ಎಂದು ಯಾರೂ ಕೇಳಿರುವುದಿಲ್ಲ. ಕೇಳಿ.

ರಕ್ತಹೀನತೆಯದೂ ಹೀಗೆಯೇ. ದೊಡ್ಡ ಹರ್ನಿಯಾದಲ್ಲಿ ವಪೆಯ ಅಂಚಿಗೆ ಉಜ್ಜಿಕೊಳ್ಳುವ ಜಠರದ ಗೋಡೆಯಲ್ಲಿ ಗೀರುಗಳಾಗಿ, ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರಬಹುದು. ಉರಿ ಇರಲೇಬೇಕೆಂದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ, ಯಾವ ವಯಸ್ಸಿನ ಗಂಡಸರಲ್ಲೇ ಆಗಲಿ, ಹಿಮೋಗ್ಲೋಬಿನ್ ಕಡಿಮೆಯಾಗಿ ಕಬ್ಬಿಣದ ಮಾತ್ರೆಯಲ್ಲಿ ಏರಿ ಮತ್ತೆ ಇಳಿಯುತ್ತಿದ್ದರೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಿಸಲೇಬೇಕು.

ಹಂತ 4: ಎರಡು ವಾರ ಬರೆದಿಡಿ

ಮೇಲಿನ ಯಾವುದೂ ಇಲ್ಲ, ಬರಿಯ ಉರಿ, ಹುಳಿತೇಗು ಎಂದಾದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಂದ ಹೊತ್ತು, ಅದಕ್ಕೆ ಎಷ್ಟು ಮೊದಲು ಏನು ತಿಂದಿರಿ, ಆಗ ಮಲಗಿದ್ದಿರೋ ಬಗ್ಗಿದ್ದಿರೋ ನಡೆಯುತ್ತಿದ್ದಿರೋ, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಇಳಿಯಿತು. ಇಷ್ಟು ಸಾಕು. ವಾರಕ್ಕೊಮ್ಮೆ ತೂಕ.

ಗಂಟಲಿಗೆ ಹುಳಿನೀರು ಬರುವುದು, ಬೆಳಗ್ಗೆ ಗಂಟಲು ಕಟ್ಟಿರುವುದು, ರಾತ್ರಿಯ ಒಣಕೆಮ್ಮು, ಹಲ್ಲು ಜುಮ್ಮೆನ್ನುವುದು, ಉಂಡ ಮೇಲೆ ಏದುಸಿರು ಇದ್ದರೆ ಅವನ್ನೂ ಸೇರಿಸಿ. ಬೆಂಗಳೂರಿನ ಧೂಳಿಗೆ ಕೆಮ್ಮು ಎಂದು ವರ್ಷಗಟ್ಟಲೆ ಸಿರಪ್ ಕುಡಿದವರಲ್ಲಿ ಕೆಲವರ ಕೆಮ್ಮಿಗೆ ಕಾರಣ ರಾತ್ರಿ ಮೇಲೇರುವ ಆಮ್ಲವಾಗಿರುತ್ತದೆ.

ಕೊನೆಯ ಪುಟದಲ್ಲಿ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಹುಣ್ಣು ಮಾಡುತ್ತವೆ. ಬಿಪಿಯ ಅಮ್ಲೋಡಿಪಿನ್ ಅನ್ನನಾಳದ ಕೆಳಬಾಗಿಲನ್ನು ಸಡಿಲಿಸಬಹುದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ನೀರು ಕಡಿಮೆ ಕುಡಿದು ನುಂಗಿ ಮಲಗಿದರೆ ನಾಳವನ್ನೇ ಸುಡುತ್ತವೆ. ಪಟ್ಟಿ ನೋಡಿ ಬದಲಿಸುವುದು ವೈದ್ಯರ ಕೆಲಸ. ಹೃದ್ರೋಗ ತಜ್ಞರು ಕೊಟ್ಟ ಆಸ್ಪಿರಿನ್ನನ್ನೋ ಬಿಪಿ ಮಾತ್ರೆಯನ್ನೋ ನೀವಾಗಿ ನಿಲ್ಲಿಸಬೇಡಿ.

ಹಂತ 5: ಮನೆಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಅತಿ ಹೆಚ್ಚು ಫಲ ಕೊಡುವುದು ರಾತ್ರಿಯ ಊಟದ ಹೊತ್ತು. ಊಟಕ್ಕೂ ಮಲಗುವುದಕ್ಕೂ ನಡುವೆ 3 ಗಂಟೆ ಇರಬೇಕು. ಔಟರ್ ರಿಂಗ್ ರೋಡಿನ ಆಫೀಸಿನಿಂದ ಸಿಲ್ಕ್ ಬೋರ್ಡ್ ದಾಟಿ ಒಂಬತ್ತೂವರೆಗೆ ಮನೆ ಸೇರುವವರಿಗೆ ಇದು ಆಗದ ಮಾತು ಎನಿಸಬಹುದು. ದಾರಿಯಿದೆ: ಹೊರಡುವ ಮೊದಲು ಏಳರ ಹೊತ್ತಿಗೆ ಡಬ್ಬಿಯಲ್ಲಿ ತಂದ ಚಪಾತಿಯನ್ನೋ ಅನ್ನವನ್ನೋ ಅಲ್ಲೇ ಉಂಡು, ಮನೆಗೆ ಬಂದ ಮೇಲೆ ಹಸಿವಿದ್ದರೆ ಮಾತ್ರ ಒಂದಿಷ್ಟು ಹಗುರವಾದದ್ದು. ಹತ್ತಕ್ಕೆ ಹೊಟ್ಟೆ ಬಿರಿಯೆ ಬಿರಿಯಾನಿ ಉಂಡು ಹನ್ನೊಂದಕ್ಕೆ ಮಲಗುವವರಿಗೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಎರಡನೆಯದು ಮಂಚ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಗಟ್ಟಿಯಾಗಿ ನಿಲ್ಲುವ ಮರದ ದಿಮ್ಮಿ ಅಥವಾ ಇಟ್ಟಿಗೆ ಇಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ತಲೆಯಿಂದ ಸೊಂಟದವರೆಗೆ ದೇಹ ಒಂದೇ ಇಳಿಜಾರಿನಲ್ಲಿರಬೇಕು. ಎರಡು ಮೂರು ದಿಂಬು ಪೇರಿಸುವುದು ಎಲ್ಲರೂ ಮಾಡುವ ತಪ್ಪು; ಅದರಿಂದ ಕತ್ತು ಮಾತ್ರ ಮೇಲಾಗಿ, ಸೊಂಟ ಮಡಿಚಿ, ಹೊಟ್ಟೆಯ ಮೇಲೆ ಒತ್ತಡ ಬಿದ್ದು ಉರಿ ಹೆಚ್ಚುತ್ತದೆ. ಕೆಳಗೆ ಸಾಮಾನು ತುಂಬಿದ ಪೆಟ್ಟಿಗೆ ಮಂಚವಾದರೆ, ಅಥವಾ ನೆಲದಲ್ಲಿ ಮಲಗುವವರಾದರೆ, ಬೆನ್ನಿನವರೆಗೂ ಬರುವ ಇಳಿಜಾರು ಫೋಮ್ ದಿಂಬು ಕೊಳ್ಳಿ. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ.

ಹೊಟ್ಟೆಯ ಮೇಲೆ ಒತ್ತಡ ಬೀಳುವ ಕೆಲಸಗಳನ್ನು ಗಮನಿಸಿ. 20 ಲೀಟರಿನ ನೀರಿನ ಕ್ಯಾನನ್ನು ಉಸಿರು ಬಿಗಿಹಿಡಿದು ಎತ್ತುವುದು, ಗ್ಯಾಸ್ ಸಿಲಿಂಡರ್ ಎಳೆಯುವುದು, ತಿಂಡಿಯಾದ ಕೂಡಲೇ ಬಗ್ಗಿ ನೆಲ ಒರೆಸುವುದು, ಬಿಗಿಯಾದ ಬೆಲ್ಟು, ಸೀರೆಯೊಳಗಿನ ಲಂಗದ ಬಿಗಿ ಲಾಡಿ. ಮಲಬದ್ಧತೆಯಿಂದ ತಿಣುಕುವುದೂ, ಬಿಡದ ಕೆಮ್ಮೂ ಇದೇ ಸಾಲಿಗೆ ಸೇರುತ್ತವೆ. ಅವಕ್ಕೆ ಬೇರೆಯಾಗಿಯೇ ಚಿಕಿತ್ಸೆ ಬೇಕು. ಲಾಲ್‌ಬಾಗಿನಲ್ಲೋ ಬಡಾವಣೆಯ ಪಾರ್ಕಿನಲ್ಲೋ ಯೋಗಕ್ಕೆ ಹೋಗುವವರು ಶೀರ್ಷಾಸನ, ಸರ್ವಾಂಗಾಸನ, ಜೋರಾದ ಕಪಾಲಭಾತಿಯನ್ನು ವೈದ್ಯರು ಒಪ್ಪುವವರೆಗೆ ಬಿಡಿ, ಗುರುಗಳಿಗೂ ಕಾರಣ ತಿಳಿಸಿ. ನಡಿಗೆಗೆ ಅಡ್ಡಿಯಿಲ್ಲ.

ಊಟದ ವಿಷಯದಲ್ಲಿ ಎಲ್ಲವನ್ನೂ ಒಮ್ಮೆಗೇ ಬಿಡಿಸುವ ಪಟ್ಟಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಖಾಲಿ ಹೊಟ್ಟೆಯ ಫಿಲ್ಟರ್ ಕಾಫಿ, ಎಣ್ಣೆಯಲ್ಲಿ ಕರಿದ ವಡೆ ಬೋಂಡಾ, ಹುಳಿ ಟೊಮೆಟೊ ಸಾರು, ಚಾಕೊಲೇಟು, ಪುದೀನ, ಮದ್ಯ, ಇವು ಹಲವರಿಗೆ ಆಗದು, ಕೆಲವರಿಗೆ ಏನೂ ಮಾಡದು. ನಿಮ್ಮ ನೋಟ್‌ಬುಕ್ ಯಾವುದನ್ನು ತೋರಿಸುತ್ತದೋ ಅದನ್ನು ಬಿಡಿ. ತಂಬಾಕು ಮಾತ್ರ ಯಾವ ರೂಪದಲ್ಲಿದ್ದರೂ ಬಿಡಲೇಬೇಕು. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿದರೂ ಉರಿ ಕಡಿಮೆಯಾಗುವುದು ಗೊತ್ತಾಗುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಈನೋ, ಅಡುಗೆ ಸೋಡಾ ಪದೇಪದೇ ಕುಡಿಯಬಾರದು, ಅವುಗಳಲ್ಲಿ ಸೋಡಿಯಂ ಇದೆ.

ಹಂತ 6: ಮಾತ್ರೆ ನುಂಗುವ ಹೊತ್ತು

ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್‌ನಂಥ ಮಾತ್ರೆಗಳು ಜಠರದ ಆಮ್ಲ ಪಂಪುಗಳನ್ನು ತಡೆಯುತ್ತವೆ. ಊಟ ಬಂದಾಗಲೇ ಆ ಪಂಪುಗಳು ಕೆಲಸಕ್ಕೆ ಇಳಿಯುವುದರಿಂದ, ಆ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಅಂದರೆ ತಿಂಡಿಗೆ 30ರಿಂದ 60 ನಿಮಿಷ ಮೊದಲು, ನೀರಿನಲ್ಲಿ. ಕಾಫಿಯ ಜೊತೆ ನುಂಗುವುದು, ತಿಂಡಿಯಾದ ಮೇಲೆ ನೆನಪಾಗಿ ನುಂಗುವುದು, ಉರಿ ಬಂದ ದಿನ ಮಾತ್ರ ನುಂಗುವುದು, ಇವೇ ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂಬ ದೂರಿಗೆ ದೊಡ್ಡ ಕಾರಣಗಳು. ಎದ್ದ ಕೂಡಲೇ ಮಾತ್ರೆ, ಆಮೇಲೆ ಸ್ನಾನ, ಆಮೇಲೆ ಕಾಫಿ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಅಪಾಯದ ಗುರುತುಗಳಿಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ 8 ವಾರ ಕೊಟ್ಟು ನೋಡುತ್ತಾರೆ. ಅದಕ್ಕೂ ಜಗ್ಗದಿದ್ದರೆ, ಅಥವಾ ನಿಲ್ಲಿಸಿದ ಕೂಡಲೇ ಮರಳಿದರೆ, ಮುಂದಿನ ಹಂತಕ್ಕೆ ಹೋಗಬೇಕು. ವರ್ಷಗಟ್ಟಲೆ ನುಂಗಿದವರು ಒಮ್ಮೆಗೇ ಬಿಟ್ಟರೆ ಕೆಲವು ದಿನ ಆಮ್ಲ ಇಮ್ಮಡಿಸಿದಂತೆ ಆಗಬಹುದು. ಹೇಗೆ ಇಳಿಸಬೇಕೆಂದು ಕೇಳಿಕೊಂಡು ಬಿಡಿ.

ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆಗಳಲ್ಲಿ ಡಾಂಪೆರಿಡೋನ್ ಬೆರೆತಿರುವುದುಂಟು. ಹೃದಯದ ಬಡಿತದ ತೊಂದರೆ ಇರುವವರಿಗೆ, ಕೆಲವು ಆಂಟಿಬಯೋಟಿಕ್ ಜೊತೆಗೆ, ಅದು ಅಪಾಯಕಾರಿ. ಮಾತ್ರೆಯ ಸ್ಟ್ರಿಪ್ಪಿನ ಹಿಂಭಾಗ ಓದಿ, ವೈದ್ಯರು ಬರೆಯದೆ ಅದನ್ನು ಕೊಳ್ಳಬೇಡಿ.

ಹಂತ 7: ಯಾರ ಬಳಿ, ಯಾವ ಪರೀಕ್ಷೆ

ಮೊದಲು ಮನೆಯ ಹತ್ತಿರದ ವೈದ್ಯರು ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು. ಅಲ್ಲಿಂದ ಗ್ಯಾಸ್ಟ್ರೋಎಂಟರಾಲಜಿಸ್ಟ್. ಸರ್ಕಾರಿ ವ್ಯವಸ್ಥೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿಗೆ ಮೀಸಲಾದ ಸಂಸ್ಥೆಯಿದೆ.

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಪಿತ್ತಕೋಶದ ಕಲ್ಲು ಹುಡುಕಲು ಒಳ್ಳೆಯದು. ಹಯಾಟಸ್ ಹರ್ನಿಯಾಕ್ಕೆ ಅದನ್ನು ನಂಬುವಂತಿಲ್ಲ, ‘ಸ್ಕ್ಯಾನ್ ನಾರ್ಮಲ್’ ಎಂಬ ಕಾಗದದಿಂದ ಹರ್ನಿಯಾ ಇಲ್ಲವೆಂದಾಗದು. ಒಳಗೋಡೆ ನೋಡಲು ಎಂಡೋಸ್ಕೋಪಿ. ಜಠರ ಎಷ್ಟು ಮೇಲೆ, ಯಾವ ಆಕಾರದಲ್ಲಿ ಸರಿದಿದೆ ಎಂದು ತಿಳಿಯಲು ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ. ದೊಡ್ಡ ಹರ್ನಿಯಾಕ್ಕೆ ಸಿಟಿ. ಆಪರೇಷನ್ ಯೋಚನೆಯಿದ್ದರೆ ನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ, ಆಮ್ಲ ಅಳೆಯುವ 24 ಗಂಟೆಯ ಪಿಎಚ್ ಪರೀಕ್ಷೆ.

ಎಂಡೋಸ್ಕೋಪಿಗೆ ಹೆದರಿ ಮುಂದೂಡುವವರೇ ಹೆಚ್ಚು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಬೇಕಾದರೆ ಮಂಪರು ಕೊಟ್ಟು ಮಾಡುವ ಕೆಲವೇ ನಿಮಿಷಗಳ ಕೆಲಸ. ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 6ರಿಂದ 8 ಗಂಟೆ, ಏನೂ ತಿನ್ನದೆ ಹೋಗಬೇಕು. ಕಾಫಿಯೂ ಬೇಡ. ಸಕ್ಕರೆ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ದಿನಾಂಕ ಗೊತ್ತುಮಾಡುವಾಗಲೇ ಕೇಳಿ. ಆಮ್ಲದ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದೂ ಕೇಳಿ. ಮಂಪರು ಕೊಟ್ಟರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಇರಲಿ.

ಹಂತ 8: ವರದಿ ಕೈಗೆ ಬಂದ ಮೇಲೆ

‘ಲ್ಯಾಕ್ಸ್ ಎಲ್‌ಇಎಸ್’ ಎಂದರೆ ಅನ್ನನಾಳದ ಕೆಳಬಾಗಿಲು ಸಡಿಲವಿದೆ ಎಂದಷ್ಟೆ. ‘ಸ್ಮಾಲ್ ಹಯಾಟಸ್ ಹರ್ನಿಯಾ’ ಕೂಡ ತುಂಬ ಜನರ ವರದಿಯಲ್ಲಿ ಕಾಣುತ್ತದೆ. ಇವೆರಡರಿಂದ ಮಾತ್ರ ಆಪರೇಷನ್ ಬೇಕಾಗುವುದಿಲ್ಲ. ನೋಡಬೇಕಾದ್ದು ‘ಎಲ್‌ಎ ಗ್ರೇಡ್’, ಅಂದರೆ ಆಮ್ಲದಿಂದ ಅನ್ನನಾಳಕ್ಕೆ ಆಗಿರುವ ಗಾಯದ ಮಟ್ಟ: ಎ ಎಂದರೆ 5 ಮಿ.ಮೀ. ಮೀರದ ಗೀರು, ಬಿ ಎಂದರೆ ಅದಕ್ಕಿಂತ ಉದ್ದ, ಸಿ ಮತ್ತು ಡಿ ಎಂದರೆ ನಾಳದ ಸುತ್ತ ಹರಡಿದ ತೀವ್ರ ಹುಣ್ಣು. ಸಿ, ಡಿ ಇದ್ದವರು ಮಾತ್ರೆ ಮುಗಿಸಿ ಸುಮ್ಮನಾಗಬಾರದು, ಹುಣ್ಣು ಮಾಗಿದೆಯೇ ಎಂದು ಮತ್ತೆ ನೋಡಿಸಬೇಕಾಗುತ್ತದೆ. ‘ಬ್ಯಾರೆಟ್ಸ್’ (ಆಮ್ಲ ತಾಗಿ ತಾಗಿ ಅನ್ನನಾಳದ ಒಳಪದರವೇ ಬದಲಾಗಿರುವುದು) ಎಂದು ಬರೆದಿದ್ದರೆ ಬಯಾಪ್ಸಿಯ ಫಲಿತಾಂಶ ಕೇಳಿ ಪಡೆಯಿರಿ, ಮುಂದೆ ಎಷ್ಟು ವರ್ಷಕ್ಕೊಮ್ಮೆ ನೋಡಬೇಕೆಂದು ಬರೆಸಿಕೊಳ್ಳಿ. ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಸಣ್ಣದಾದರೂ ಇದೆ.

‘ಪ್ಯಾರಾಈಸೊಫೇಜಿಯಲ್’ ಎಂಬ ಪದ, ಅಂದರೆ ಜಠರ ಅನ್ನನಾಳದ ಪಕ್ಕದಿಂದ ನುಗ್ಗುವ ಎರಡನೆಯ ಬಗೆ, ಕಂಡರೆ ಶಸ್ತ್ರಚಿಕಿತ್ಸಕರ ಜೊತೆ ಒಮ್ಮೆ ಮಾತಾಡಲೇಬೇಕು. ಉಂಡ ಮೇಲೆ ಎದೆ ಬಿಗಿಯುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ವಾಂತಿ, ರಕ್ತಹೀನತೆ ಇದ್ದರೆ ದುರಸ್ತಿ ಮಾಡಿಸುವುದೇ ಒಳ್ಳೆಯದು. ಏನೂ ತೊಂದರೆ ಇಲ್ಲದ ಹಿರಿಯರಲ್ಲಿ ಕಾದು ನೋಡುವುದೂ ಸರಿಯಾದ ದಾರಿಯೇ. ಆಪರೇಷನ್ನಿನಲ್ಲಿ ಜಠರವನ್ನು ಕೆಳಗೆಳೆದು, ಕಿಂಡಿಯನ್ನು ಹೊಲಿದು, ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತುತ್ತಾರೆ, ಬಹುಪಾಲು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ವಿಧಾನದಲ್ಲಿ. ಒಪ್ಪುವ ಮೊದಲು ಕೇಳಿ: ನನ್ನದು ಯಾವ ಬಗೆ, ಮ್ಯಾನೋಮೆಟ್ರಿ ಆಗಿದೆಯೇ, ಪೂರ್ತಿ ಸುತ್ತೋ ಅರೆಸುತ್ತೋ, ಮರುಕಳಿಸುವ ಸಾಧ್ಯತೆ ಎಷ್ಟು. ಬಿಪಿಎಲ್ ಕಾರ್ಡ್ ಇದ್ದರೆ, ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟುವ ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ.

ಆಪರೇಷನ್ ಆದ ಮೇಲೆ ಕೆಲವು ವಾರ ಗಂಜಿ, ಮೆತ್ತನೆಯ ಅನ್ನ, ಸಣ್ಣ ತುತ್ತು. ಹೊಟ್ಟೆಯುಬ್ಬರ, ತೇಗಲು ಕಷ್ಟ, ನುಂಗುವಾಗ ಬಿಗಿತ ಮೊದಮೊದಲು ಸಹಜ. ಬಿಡದ ಓಕರಿಕೆ, ಇದ್ದಕ್ಕಿದ್ದಂತೆ ಎದೆನೋವು, ಜ್ವರ, ನೀರೂ ಇಳಿಯದಿರುವುದು ಸಹಜವಲ್ಲ. ಮರುಭೇಟಿಯ ದಿನಾಂಕಕ್ಕೆ ಕಾಯದೆ ಅದೇ ಹೊತ್ತಿಗೆ ಹೊರಡಿ.